ಎನ್‌ಎಂಐ ಬಂದಾಗ ಕರ್ನಲ್‌ಗೆ ತಾನು ಯಾವ ಸಿಪಿಯು, ಯಾವ ನೋಡ್ ಮೇಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಎಕ್ಸ್‌ವಿ6 (ಕಲಿಯುವವರಿಗೆಂದು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ) ಪೂರ್ತಿ ಓದಿ, ಈಗ 64 ಬಿಟ್ ಎಕ್ಸ್86 ಲಿನಕ್ಸ್‌ನ ಎಂಟ್ರಿ ಕೋಡ್, ಅಂದರೆ ಕರ್ನಲ್ ಒಳಗೆ ಬರುವಾಗ ಮೊದಲು ಓಡುವ ಕೋಡ್, ಓದುತ್ತಿದ್ದೇನೆ. ಒಂದು ಜಾಗದಲ್ಲಿ ಮುಂದೆ ಹೋಗಲು ಆಗುತ್ತಿಲ್ಲ.

ಎಕ್ಸ್‌ವಿ6ನ ರಿಸ್ಕ್-ವಿ ಆವೃತ್ತಿಯಲ್ಲಿ ವಿಷಯ ಸರಳ. ಕರ್ನಲ್ ಒಳಗಿರುವಾಗ ಟಿಪಿ ರಿಜಿಸ್ಟರ್‌ನಲ್ಲಿ ಆ ಕೋರ್‌ನ ಸಂಖ್ಯೆ ಇರುತ್ತದೆ. ಯೂಸರ್ ಪ್ರೋಗ್ರಾಂ ಟಿಪಿಯಲ್ಲಿ ಏನು ಬೇಕಾದರೂ ಬರೆದಿರಬಹುದು. ಹಾಗಾಗಿ ಯೂಸರ್ ಮೋಡ್‌ನಿಂದ ಟ್ರ್ಯಾಪ್ ಆದ (ಕರ್ನಲ್ ಒಳಗೆ ಬಂದ) ಕೂಡಲೇ, ಟ್ರ್ಯಾಪ್‌ಫ್ರೇಮ್ ಅನ್ನುವ ಮೆಮೊರಿ ಜಾಗದಲ್ಲಿ ಮೊದಲೇ ಬರೆದಿಟ್ಟ ಸಂಖ್ಯೆಯನ್ನು ಅದಕ್ಕೆ ತುಂಬುತ್ತಾರೆ. ಅಷ್ಟೇ.

ಲಿನಕ್ಸ್‌ನಲ್ಲಿ ಸಾಮಾನ್ಯ ಇಂಟರಪ್ಟ್‌ಗೆ (ಹಾರ್ಡ್‌ವೇರ್ ಪ್ರೊಸೆಸರನ್ನು ತಡೆದು ಕರೆಯುವ ಸೂಚನೆ) ಒಂದು ದಾರಿ, ಎನ್‌ಎಂಐಗೆ (ಬಂದ್ ಮಾಡಲಾಗದ ಇಂಟರಪ್ಟ್) ಬೇರೆ ದಾರಿ. ಆ ಬೇರೆ ದಾರಿಗೆ ‘ಪ್ಯಾರನಾಯ್ಡ್ ಎಂಟ್ರಿ’ ಅಂತ ಹೆಸರು. ಅಲ್ಲಿ ಎಲ್‌ಎಸ್‌ಎಲ್ ಅನ್ನುವ ಇನ್‌ಸ್ಟ್ರಕ್ಷನ್ ಹಾಕಿ ಒಂದು ಸೆಗ್ಮೆಂಟ್‌ನ (ಮೆಮೊರಿಯ ಒಂದು ಭಾಗ) ಲಿಮಿಟ್, ಅಂದರೆ ಅದರ ಉದ್ದದ ಮಿತಿ, ಓದುತ್ತಾರೆ. ಬಂದ ಉತ್ತರದಲ್ಲೇ ಸಿಪಿಯು ಸಂಖ್ಯೆ ಸಿಗುತ್ತದಂತೆ. ಸೆಗ್ಮೆಂಟ್ ಲಿಮಿಟ್‌ಗೂ ಸಿಪಿಯು ಸಂಖ್ಯೆಗೂ ಏನು ಸಂಬಂಧ? ಪಕ್ಕದಲ್ಲೇ ‘ಆರ್‌ಡಿಪಿಐಡಿ ಬಳಸಬೇಡಿ’ ಅಂತ ಕಾಮೆಂಟ್ ಬೇರೆ ಇದೆ. ಪ್ರೊಸೆಸರ್ ಸಂಖ್ಯೆ ಕೊಡುವುದಕ್ಕೇ ಮಾಡಿದ ಇನ್‌ಸ್ಟ್ರಕ್ಷನ್ ಅಲ್ವಾ ಅದು?

ಮೂರೂರು ರಸ್ತೆ, ಕುಮಟಾ

ಒಳ್ಳೇ ಪ್ರಶ್ನೆ. ನನ್ನದೂ ಒಂದು ಸೇರಿಸಿಕೊಳ್ಳಿ. ಸಿಪಿಯುಐಡಿ ಇನ್‌ಸ್ಟ್ರಕ್ಷನ್ ಹಾಕಿದರೆ ಎಪಿಕ್ ಐಡಿ (ಪ್ರೊಸೆಸರ್‌ನ ಇಂಟರಪ್ಟ್ ಘಟಕದ ಗುರುತು ಸಂಖ್ಯೆ) ನೇರವಾಗಿ ಸಿಗುತ್ತದಲ್ಲ. ಹಾರ್ಡ್‌ವೇರೇ ಹೇಳುವ ಸಂಖ್ಯೆ, ಯಾರೂ ತಿದ್ದಲಾರರು. ಅದನ್ನೇ ಕೇಳಿದರೆ ಆಗುವುದಿಲ್ಲವೇ?

ಮಾರಿಗುಡಿ ಕ್ರಾಸ್, ಶಿರಸಿ

ಮೊದಲು ಕುಮಟಾದವರಿಗೆ ಉತ್ತರ. ಸಿಪಿಯುಐಡಿ ತುಂಬಾ ನಿಧಾನ. ಅದಕ್ಕಿಂತ ಮುಂಚಿನ ಇನ್‌ಸ್ಟ್ರಕ್ಷನ್‌ಗಳೆಲ್ಲ ಮುಗಿಯುವ ತನಕ ಪ್ರೊಸೆಸರ್ ಕಾಯುತ್ತದೆ. ವರ್ಚುವಲ್ ಮಷಿನ್ ಒಳಗಿದ್ದರೆ ಇನ್ನೂ ಕಷ್ಟ, ಇಂಟೆಲ್‌ನಲ್ಲಿ ಪ್ರತಿ ಸಿಪಿಯುಐಡಿಗೂ ಹೈಪರ್‌ವೈಸರ್ (ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರ್) ತನಕ ಹೋಗಿ ಬರಬೇಕು. ನಾಲ್ಕು ರಿಜಿಸ್ಟರ್‌ಗಳ ಮೇಲೆ ಬರೆದುಬಿಡುತ್ತದೆ ಬೇರೆ. ಪರ್ಫ್ ಅನ್ನುವ ಟೂಲ್ ಹಾಕಿ ಪ್ರೊಫೈಲ್ ಮಾಡುವಾಗ ಸೆಕೆಂಡಿಗೆ ಸಾವಿರಾರು ಎನ್‌ಎಂಐ ಬರುತ್ತವೆ, ಅಲ್ಲಿ ಇದು ನಡೆಯುವುದಿಲ್ಲ. ಮತ್ತೆ ಎಪಿಕ್ ಐಡಿ ಅಂದರೆ ಲಿನಕ್ಸ್‌ನ ಸಿಪಿಯು ಸಂಖ್ಯೆ ಅಲ್ಲ. ಎಪಿಕ್ ಐಡಿಗಳ ನಡುವೆ ಖಾಲಿ ಜಾಗ ಇರಬಹುದು. ಸಿಕ್ಕ ಮೇಲೂ ಒಂದು ಪಟ್ಟಿಯಲ್ಲಿ ಹುಡುಕಬೇಕು.

ಈಗ ಕಾರವಾರದ ತಮ್ಮನ ಪ್ರಶ್ನೆ. ಎಲ್‌ಎಸ್‌ಎಲ್‌ಗೆ ಬರುವ ಮೊದಲು ಜಿಎಸ್ ಅನ್ನುವ ಸೆಗ್ಮೆಂಟ್ ರಿಜಿಸ್ಟರ್‌ನ ವಿಷಯ ಸ್ಪಷ್ಟ ಇರಬೇಕು. ಅದಿಲ್ಲದಿದ್ದರೆ ಆ ಕೋಡ್ ಸುಮ್ನೆ ಹಟಕ್ಕೆ ಬರೆದ ಹಾಗೆ ಕಾಣುತ್ತದೆ.

ಎಕ್ಸ್86 ಕರ್ನಲ್‌ನಲ್ಲಿ ಪ್ರತಿ ಸಿಪಿಯುಗೂ ಅದರದ್ದೇ ಒಂದು ಮೆಮೊರಿ ಜಾಗ ಇದೆ, ಪರ್-ಸಿಪಿಯು ಏರಿಯಾ. ಈಗ ಓಡುತ್ತಿರುವ ಟಾಸ್ಕ್ ಯಾವುದು, ಸಿಪಿಯು ಸಂಖ್ಯೆ ಎಷ್ಟು, ಕೌಂಟರ್‌ಗಳು, ಎಲ್ಲ ಅಲ್ಲಿ. ಕರ್ನಲ್ ಒಳಗಿರುವಾಗ ಜಿಎಸ್ ಬೇಸ್ (ಜಿಎಸ್‌ನ ಆರಂಭದ ವಿಳಾಸ) ಆ ಜಾಗವನ್ನು ತೋರಿಸುತ್ತಿರುತ್ತದೆ. ಯೂಸರ್ ಮೋಡ್‌ನಲ್ಲಿ ಅದೇ ಜಿಎಸ್ ಪ್ರೋಗ್ರಾಂನ ಸ್ವಂತ ಬಳಕೆಗೆ. ಇರುವುದು ಒಂದೇ ಜಿಎಸ್, ಬಳಸುವವರು ಇಬ್ಬರು. ಒಳಗೆ ಬರುವಾಗ ಸ್ವಾಪ್‌ಜಿಎಸ್ (ಇಬ್ಬರ ಬೇಸ್‌ಗಳನ್ನು ಅದಲುಬದಲು ಮಾಡುವ ಇನ್‌ಸ್ಟ್ರಕ್ಷನ್), ಹೊರಗೆ ಹೋಗುವಾಗ ಮತ್ತೊಮ್ಮೆ ಸ್ವಾಪ್‌ಜಿಎಸ್. ಎರಡು ಸಲ ಮಾಡಿದರೂ ತಪ್ಪು, ಮಾಡದೇ ಬಿಟ್ಟರೂ ತಪ್ಪು.

ಸಾಮಾನ್ಯ ಇಂಟರಪ್ಟ್ ಬಂದಾಗ ಸ್ಟ್ಯಾಕ್ ಮೇಲೆ ಬಿದ್ದಿರುವ ಸಿಎಸ್, ಅಂದರೆ ಪ್ರೊಸೆಸರ್ ಯಾವ ಮೋಡ್‌ನಲ್ಲಿತ್ತು ಅಂತ ಹೇಳುವ ರಿಜಿಸ್ಟರ್, ನೋಡಿದರೆ ಸಾಕು. ಅದರ ಕೊನೇ ಎರಡು ಬಿಟ್ ಯೂಸರ್ ಅಂದರೆ ಸ್ವಾಪ್, ಕರ್ನಲ್ ಅಂದರೆ ಬೇಡ. ಎನ್‌ಎಂಐಗೆ ಇಷ್ಟು ಸಾಲುವುದಿಲ್ಲ. ಯಾಕಂದರೆ ಇಂಟರಪ್ಟ್ ಬಂದ್ ಮಾಡಿದರೂ ಅದು ಬರುತ್ತದೆ. ಒಂದು ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿತು ಅಂದುಕೊಳ್ಳಿ. ಪ್ರೊಸೆಸರ್ ಕರ್ನಲ್ ಮೋಡ್‌ಗೆ ಬಂತು. ಸ್ವಾಪ್‌ಜಿಎಸ್ ಇನ್ನೂ ಓಡಿಲ್ಲ. ಆ ಸಂದಿಯಲ್ಲೇ ಎನ್‌ಎಂಐ ಬಿತ್ತು. ಈಗ ಸಿಎಸ್ ನೋಡಿದರೆ ‘ಕರ್ನಲ್’ ಅನ್ನುತ್ತದೆ, ಜಿಎಸ್‌ನಲ್ಲಿ ಇರುವುದು ಯೂಸರ್‌ನ ವಿಳಾಸ. ಸಿಎಸ್ ನಂಬಿ ಮುಂದೆ ಹೋದರೆ, ಕರ್ನಲ್ ತನ್ನ ಡೇಟಾ ಅಂತ ಯೂಸರ್ ಇಟ್ಟ ಜಾಗವನ್ನು ಓದುತ್ತದೆ.

ಕಾಳಿದಂಡೆ, ಕಾರವಾರ

ಅಕ್ಕ, ಹಾಗಾದರೆ ಸಿಎಸ್ ಬಿಟ್ಟು ಜಿಎಸ್ ಬೇಸನ್ನೇ ಓದಿ ನೋಡಬಹುದಲ್ಲ? ಕರ್ನಲ್ ವಿಳಾಸಗಳೆಲ್ಲ ಮೇಲಿನ ಅರ್ಧದಲ್ಲಿ ಇರುತ್ತವೆ. ಸೈನ್ ಬಿಟ್ ನೋಡಿದರೇ ಗೊತ್ತಾಗುತ್ತದೆ.

ಮಾರಿಗುಡಿ ಕ್ರಾಸ್, ಶಿರಸಿ

ಸರಿಯಾಗಿ ಹಿಡಿದೆ ತಮ್ಮಾ. ತುಂಬಾ ವರ್ಷ ಹಾಗೇ ಮಾಡುತ್ತಿದ್ದರು. ಎಂಎಸ್‌ಆರ್‌ನಿಂದ (ಪ್ರೊಸೆಸರ್‌ನ ವಿಶೇಷ ರಿಜಿಸ್ಟರ್) ಜಿಎಸ್ ಬೇಸ್ ಓದಿ, ಸೈನ್ ಬಿಟ್ ನೆಗೆಟಿವ್ ಇದ್ದರೆ ಕರ್ನಲ್‌ದು, ಇಲ್ಲದಿದ್ದರೆ ಸ್ವಾಪ್ ಮಾಡು. ಅದು ನಡೆಯುತ್ತಿದ್ದುದಕ್ಕೆ ಕಾರಣ ಇಷ್ಟೇ: ಯೂಸರ್ ತಾನಾಗಿ ಜಿಎಸ್ ಬೇಸನ್ನು ಮೇಲಿನ ಅರ್ಧದ ವಿಳಾಸಕ್ಕೆ ಹೊಂದಿಸಲು ದಾರಿ ಇರಲಿಲ್ಲ. ಸಿಸ್ಟಂ ಕಾಲ್ ಮೂಲಕವೇ ಕೇಳಬೇಕಿತ್ತು, ಕರ್ನಲ್ ಅಂಥ ವಿಳಾಸವನ್ನು ಒಪ್ಪುತ್ತಿರಲಿಲ್ಲ.

ಎಫ್‌ಎಸ್‌ಜಿಎಸ್‌ಬೇಸ್ ಅನ್ನುವ ಪ್ರೊಸೆಸರ್ ಸೌಲಭ್ಯ ಬಂದ ಮೇಲೆ ಆ ಆಧಾರ ಹೋಯಿತು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದು 2012ರ ಐವಿ ಬ್ರಿಡ್ಜ್‌ನಿಂದಲೇ ಇದೆ. ಲಿನಕ್ಸ್ ಅದನ್ನು ಚಾಲೂ ಮಾಡಿದ್ದು 2020ರಲ್ಲಿ, 5.9ನೇ ಆವೃತ್ತಿಗೆ. ಇದು ಚಾಲೂ ಇದ್ದರೆ ಯೂಸರ್ ಪ್ರೋಗ್ರಾಂ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಜಿಎಸ್ ಬೇಸ್ ಬರೆಯಬಹುದು. ಕರ್ನಲ್ ವಿಳಾಸದ ಹಾಗೆ ಕಾಣುವ ಸಂಖ್ಯೆಯನ್ನೂ ಬರೆಯಬಹುದು. ಆಗ ಸೈನ್ ಬಿಟ್ ನಂಬುವ ಹಾಗಿಲ್ಲ.

ಹಾಗಾಗಿ ಈಗಿನ ದಾರಿ ಬೇರೆ. ಪ್ಯಾರನಾಯ್ಡ್ ಎಂಟ್ರಿ ಜಿಎಸ್‌ನಲ್ಲಿ ಏನಿದೆ ಅಂತ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಇದ್ದದ್ದನ್ನು ಹಾಗೇ ಒಂದು ರಿಜಿಸ್ಟರ್‌ನಲ್ಲಿ ಎತ್ತಿಡುತ್ತದೆ. ತಾನು ಯಾವ ಸಿಪಿಯು ಅಂತ ಹೊಸದಾಗಿ ಪತ್ತೆ ಮಾಡುತ್ತದೆ. ಪರ್-ಸಿಪಿಯು ಆಫ್‌ಸೆಟ್‌ಗಳ ಪಟ್ಟಿಯಲ್ಲಿ ಆ ಸಂಖ್ಯೆಗೆ ಸೇರಿದ್ದನ್ನು ತೆಗೆದು ಜಿಎಸ್‌ಗೆ ಹಾಕುತ್ತದೆ. ಹೊರಡುವಾಗ ಎತ್ತಿಟ್ಟದ್ದನ್ನು ವಾಪಸ್ ಇಡುತ್ತದೆ.

ಆದರೆ ನೋಡು, ಸಿಪಿಯು ಸಂಖ್ಯೆ ಇರುವುದು ಪರ್-ಸಿಪಿಯು ಏರಿಯಾದಲ್ಲಿ, ಅಲ್ಲಿಗೆ ಹೋಗಲು ಜಿಎಸ್ ಬೇಕು, ಜಿಎಸ್ ಸರಿಮಾಡಲು ಸಿಪಿಯು ಸಂಖ್ಯೆ ಬೇಕು. ಜಿಎಸ್ ಇಲ್ಲದೇ ಸಂಖ್ಯೆ ಹೇಳುವ ಇನ್ನೊಂದು ಜಾಗ ಬೇಕೇ ಬೇಕು. ಅದೇ ನೀನು ನೋಡಿದ ಸೆಗ್ಮೆಂಟ್.

ಸೆಗ್ಮೆಂಟ್‌ಗಳ ವಿವರ ಇರುವ ಪಟ್ಟಿ, ಅಂದರೆ ಜಿಡಿಟಿ, ಪ್ರತಿ ಸಿಪಿಯುಗೂ ಬೇರೆ ಬೇರೆ. ಲಿನಕ್ಸ್ ಅದರಲ್ಲಿ 15ನೇ ಎಂಟ್ರಿಯನ್ನು ಇದಕ್ಕಂತಲೇ ಇಟ್ಟಿದೆ. ಆ ಸೆಗ್ಮೆಂಟ್ ಮೂಲಕ ಯಾರೂ ಮೆಮೊರಿ ಮುಟ್ಟುವುದಿಲ್ಲ. ಅದರ ಲಿಮಿಟ್ ಅನ್ನುವ 20 ಬಿಟ್ ಜಾಗದಲ್ಲಿ ಕರ್ನಲ್ ತನಗೆ ಬೇಕಾದ್ದು ಬರೆದಿಟ್ಟಿದೆ: ಕೆಳಗಿನ 12 ಬಿಟ್‌ನಲ್ಲಿ ಸಿಪಿಯು ಸಂಖ್ಯೆ, ಮೇಲಿನ 8 ಬಿಟ್‌ನಲ್ಲಿ ನೋಡ್ (ಕೆಲವು ಸಿಪಿಯು ಮತ್ತು ಅವಕ್ಕೆ ಹತ್ತಿರದ ಮೆಮೊರಿಯ ಗುಂಪು) ಸಂಖ್ಯೆ. ಸಿಪಿಯು ಚಾಲೂ ಆಗುವಾಗ ಒಮ್ಮೆ ಬರೆದರೆ ಆಯಿತು. ಎಲ್‌ಎಸ್‌ಎಲ್ ಆ ಲಿಮಿಟನ್ನು ಓದಿ ಕೊಡುತ್ತದೆ. ಇದಕ್ಕೆ ಜಿಎಸ್ ಬೇಡ, ಸ್ಟ್ಯಾಕ್ ಬೇಡ, ಎಂಎಸ್‌ಆರ್ ಬೇಡ.

ಆ ಎಂಟ್ರಿಗೆ ಯೂಸರ್ ಮೋಡ್‌ನಿಂದಲೂ ಎಲ್‌ಎಸ್‌ಎಲ್ ಮಾಡಬಹುದು. ಆ ಎಂಟ್ರಿಯನ್ನು ಗುರುತಿಸುವ ಸೆಲೆಕ್ಟರ್ ಸಂಖ್ಯೆ 123, ಅಂದರೆ 15 ಗುಣಿಸು 8, ಕೂಡಿಸು 3. ಸಣ್ಣ ಸಿ ಪ್ರೋಗ್ರಾಂ ಬರೆದು ನೋಡು. ಆರ್‌ಡಿಪಿಐಡಿ ವಿಷಯ ಆಮೇಲೆ ಬರೆಯುತ್ತೇನೆ, ಇಲ್ಲಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿದೆ.

ಕಾಳಿದಂಡೆ, ಕಾರವಾರ

ಬರೆದು ನೋಡಿದೆ. ಟಾಸ್ಕ್‌ಸೆಟ್ ಹಾಕಿ ಪ್ರೋಗ್ರಾಂ ಅನ್ನು 5ನೇ ಸಿಪಿಯುಗೆ ಕಟ್ಟಿದರೆ 5 ಬರುತ್ತದೆ, 2ಕ್ಕೆ ಕಟ್ಟಿದರೆ 2. ಲ್ಯಾಪ್‌ಟಾಪ್‌ನಲ್ಲಿ ಒಂದೇ ನೋಡ್, ಹಾಗಾಗಿ ಮೇಲಿನ ಬಿಟ್‌ಗಳೆಲ್ಲ ಸೊನ್ನೆ. ಒಂದು ಸೆಗ್ಮೆಂಟ್ ಡಿಸ್ಕ್ರಿಪ್ಟರ್ ಒಳಗಿಂದ ಈ ಸಂಖ್ಯೆ ಬಂತು ಅಂತ ನೋಡಿ ಬಹಳ ಖುಷಿಯಾಯಿತು. ಯಾರ ಹತ್ತಿರವಾದರೂ ಎರಡು ನೋಡ್ ಇರುವ ಮಷಿನ್ ಇದೆಯೇ?

ಗಂಗಾವಳಿ, ಅಂಕೋಲಾ

ನಾನು ನೋಡಿಕೊಳ್ಳುವ ಸರ್ವರ್ ಒಂದಿದೆ. ಎರಡು ಸಾಕೆಟ್, ಒಂದೊಂದರಲ್ಲಿ 16 ಕೋರ್. ನಿಮ್ಮ ಪ್ರೋಗ್ರಾಂ ಅನ್ನು 20ನೇ ಸಿಪಿಯುಗೆ ಕಟ್ಟಿ ಓಡಿಸಿದೆ. ಉತ್ತರ 4116. ಅದರಲ್ಲಿ 4096 ಅಂದರೆ 12 ಬಿಟ್ ಮೇಲೆ ಕೂತ 1, ಉಳಿದದ್ದು 20. ಒಂದನೇ ನೋಡ್, 20ನೇ ಸಿಪಿಯು. ನೋಡ್‌ಗಳ ವಿವರ ತೋರಿಸುವ ನೂಮಾಸಿಟಿಎಲ್ ಟೂಲ್ ಕೂಡ 20ನೇ ಸಿಪಿಯು ಒಂದನೇ ನೋಡ್‌ನಲ್ಲೇ ಇದೆ ಅನ್ನುತ್ತದೆ.

ನೋಡ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಕರ್ನಲ್ ಓದುವವರು ಸಿಪಿಯು ಸಂಖ್ಯೆಯ ಮೇಲೆ ಜಾಸ್ತಿ ಗಮನ ಕೊಡುತ್ತಾರೆ, ಮಷಿನ್ ನಡೆಸುವವರಿಗೆ ತೊಂದರೆ ಕೊಡುವುದು ನೋಡ್. ಈ ಸರ್ವರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಇರುವ ಸ್ಲಾಟ್ ಒಂದನೇ ಸಾಕೆಟ್‌ಗೆ ಸೇರಿದ್ದು. ಅದರ ಇಂಟರಪ್ಟ್‌ಗಳು ಮಾತ್ರ ಸೊನ್ನೆಯಿಂದ 15ರ ತನಕದ ಸಿಪಿಯುಗಳಿಗೆ ಹೋಗುತ್ತಿದ್ದವು, ಅಂದರೆ ಸೊನ್ನೆಯ ನೋಡ್‌ಗೆ. ಪ್ಯಾಕೆಟ್ ಬಂದಿಳಿಯುವುದು ಒಂದು ಕಡೆ, ಅದನ್ನು ಎತ್ತಿಕೊಳ್ಳುವ ಸಿಪಿಯು ಇನ್ನೊಂದು ಕಡೆ. ಪ್ರತಿ ಸಲವೂ ಸಾಕೆಟ್ ದಾಟಬೇಕು. ಬಯೋಸ್ ಕೊಡುವ ದೂರದ ಪಟ್ಟಿಯಲ್ಲಿ ತನ್ನ ನೋಡ್‌ಗೆ 10, ಆಚೆ ನೋಡ್‌ಗೆ ಇಲ್ಲಿ 21 ಅಂತ ಇದೆ. 10 ಅನ್ನುವುದು ಸ್ವಂತ ನೋಡ್‌ಗೆ ಎಲ್ಲ ಮಷಿನ್‌ನಲ್ಲೂ ಒಂದೇ. ಉಳಿದದ್ದು ಅದಕ್ಕೆ ಹೋಲಿಸಿ ಹೇಳುವ ಸಂಖ್ಯೆ.

ನೋಡಬೇಕಾದ ಜಾಗಗಳು ಇವು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಡಿವೈಸ್‌ಗಳ ವಿವರ ತೋರಿಸುವ ಫೈಲ್ ಸಿಸ್ಟಂ) ಆ ಕಾರ್ಡಿನ ಡಿವೈಸ್ ಫೋಲ್ಡರ್ ಒಳಗೆ ‘ನೂಮಾ ನೋಡ್’ ಅಂತ ಫೈಲು ಇರುತ್ತದೆ. ಅದರಲ್ಲಿ ಮೈನಸ್ 1 ಇದ್ದರೆ, ಕಾರ್ಡ್ ಯಾವ ನೋಡ್‌ಗೆ ಹತ್ತಿರ ಅಂತ ಫರ್ಮ್‌ವೇರ್ ಕರ್ನಲ್‌ಗೆ ಹೇಳೇ ಇಲ್ಲ ಅಂತ ಅರ್ಥ. ಪ್ರಾಕ್ ಕೆಳಗಿನ ಇಂಟರಪ್ಟ್ಸ್ ಫೈಲಿನಲ್ಲಿ ಯಾವ ಇಂಟರಪ್ಟ್ ಯಾವ ಸಿಪಿಯುಗೆ ಎಷ್ಟು ಸಲ ಹೋಗಿದೆ ಅನ್ನುವ ಲೆಕ್ಕ. ಪ್ರತಿ ಇಂಟರಪ್ಟ್‌ನ ಅಫಿನಿಟಿ ಪಟ್ಟಿಯ (ಅದು ಯಾವ ಸಿಪಿಯುಗಳಿಗೆ ಹೋಗಬಹುದು ಅನ್ನುವ ಪಟ್ಟಿ) ಫೈಲಿಗೆ 16-31 ಅಂತ ಬರೆದರೆ ಅದು ಅಲ್ಲಿಗೇ ಬರುತ್ತದೆ. ಇಂಟರಪ್ಟ್‌ಗಳನ್ನು ಸಿಪಿಯುಗಳಿಗೆ ಹಂಚುವ ಐಆರ್‌ಕ್ಯು ಬ್ಯಾಲೆನ್ಸ್ ಓಡುತ್ತಿದ್ದರೆ ನಾವು ಬರೆದದ್ದನ್ನು ಅದು ಮತ್ತೆ ಬದಲಿಸಬಹುದು. ಮೊದಲು ಅದಕ್ಕೆ ಈ ಇಂಟರಪ್ಟ್ ಮುಟ್ಟಬೇಡ ಅಂತ ಹೇಳಬೇಕು.

ಮೂರೂರು ರಸ್ತೆ, ಕುಮಟಾ

ಹಾಗಾದರೆ ಎನ್‌ಎಂಐ ಎಂಟ್ರಿಗೂ ನೋಡ್ ಸಂಖ್ಯೆ ಬೇಕೇ? ಇಲ್ಲದಿದ್ದರೆ ಆ 8 ಬಿಟ್ ಯಾಕೆ?

ಮಾರಿಗುಡಿ ಕ್ರಾಸ್, ಶಿರಸಿ

ಎಂಟ್ರಿಗೆ ಬೇಡ. ಎಲ್‌ಎಸ್‌ಎಲ್ ಆದ ಮೇಲೆ 4095ರ ಜೊತೆ ಆಂಡ್ ಮಾಡುತ್ತಾರೆ, ನೋಡ್ ಬಿಟ್‌ಗಳು ಅಲ್ಲೇ ಬಿದ್ದುಹೋಗುತ್ತವೆ. ನೋಡ್ ಬೇಕಾದದ್ದು ಯೂಸರ್ ಪ್ರೋಗ್ರಾಂಗಳಿಗೆ. ಗೆಟ್‌ಸಿಪಿಯು ಅನ್ನುವ ಕಾಲ್ ಸಿಪಿಯು, ನೋಡ್ ಎರಡನ್ನೂ ಕೊಡಬೇಕು. ವಿಡಿಎಸ್‌ಒ (ಕರ್ನಲ್ ಪ್ರತಿ ಪ್ರೋಗ್ರಾಂ ಒಳಗೆ ಇಡುವ ಸಣ್ಣ ಕೋಡ್) ಇರುವುದರಿಂದ ಕರ್ನಲ್‌ಗೆ ಹೋಗದೇ ಯೂಸರ್ ಮೋಡ್‌ನಲ್ಲೇ ಒಂದು ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಯುತ್ತದೆ. ಈ ಸೆಗ್ಮೆಂಟ್ ಹುಟ್ಟಿದ್ದೇ ಅದಕ್ಕೆ. ಎನ್‌ಎಂಐ ದಾರಿ ಆಮೇಲೆ ಅದನ್ನು ಬಳಸಿಕೊಂಡಿತು.

ಕರ್ನಲ್ ಒಳಗೆ ಸಿಪಿಯು ಗೊತ್ತಾದರೆ ನೋಡ್ ತಾನಾಗಿ ಸಿಗುತ್ತದೆ. ಎಕ್ಸ್86ನಲ್ಲಿ ನೋಡ್ ಸಂಖ್ಯೆಯೂ ಒಂದು ಪರ್-ಸಿಪಿಯು ವೇರಿಯಬಲ್. ಬೂಟ್ ಆಗುವಾಗ ಫರ್ಮ್‌ವೇರ್ ಕೊಡುವ ಎಸಿಪಿಐನ ಸ್ರಾಟ್ ಪಟ್ಟಿ ಓದಿ, ಯಾವ ಎಪಿಕ್ ಐಡಿ ಯಾವ ನೋಡ್‌ಗೆ ಸೇರಿದ್ದು ಅಂತ ತುಂಬಿಡುತ್ತಾರೆ. ಪರ್-ಸಿಪಿಯು ಏರಿಯಾವನ್ನೂ ಸಾಧ್ಯವಾದ ಮಟ್ಟಿಗೆ ಆ ಸಿಪಿಯುನ ನೋಡ್‌ನ ಮೆಮೊರಿಯಲ್ಲೇ ಇಡುತ್ತಾರೆ. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್ ತನ್ನ ಕೌಂಟರ್ ಮುಟ್ಟಿದಾಗ ಹತ್ತಿರದ ಮೆಮೊರಿಯನ್ನೇ ಮುಟ್ಟುತ್ತದೆ.

ಈಗ ಆರ್‌ಡಿಪಿಐಡಿ. ನನಗೆ ಈ ಇಡೀ ಕೋಡ್‌ನಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಆರ್‌ಡಿಪಿಐಡಿ ಓದುವುದು ಟಿಎಸ್‌ಸಿ ಆಕ್ಸ್ ಅನ್ನುವ ಎಂಎಸ್‌ಆರ್. ಸೆಗ್ಮೆಂಟ್ ಲಿಮಿಟ್‌ನಲ್ಲಿ ಏನಿದೆಯೋ ಅದೇ ಸಂಖ್ಯೆಯನ್ನು ಲಿನಕ್ಸ್ ಅದರಲ್ಲೂ ಬರೆದಿಡುತ್ತದೆ. ಎಫ್‌ಎಸ್‌ಜಿಎಸ್‌ಬೇಸ್ ಪ್ಯಾಚ್‌ಗಳು 5.9ಕ್ಕೆ ಸೇರಿದಾಗ ಪ್ಯಾರನಾಯ್ಡ್ ಎಂಟ್ರಿಯಲ್ಲಿ, ಪ್ರೊಸೆಸರ್‌ನಲ್ಲಿ ಆರ್‌ಡಿಪಿಐಡಿ ಇದ್ದರೆ ಅದು, ಇಲ್ಲದಿದ್ದರೆ ಎಲ್‌ಎಸ್‌ಎಲ್ ಅಂತ ಇತ್ತು. ನೋಡಲು ಸರಿಯೇ. ಆದರೆ ಕೆವಿಎಂ (ಲಿನಕ್ಸ್‌ನ ಹೈಪರ್‌ವೈಸರ್) ಇರುವ ಮಷಿನ್‌ನಲ್ಲಿ ಟಿಎಸ್‌ಸಿ ಆಕ್ಸ್ ಹೋಸ್ಟ್ (ನಿಜವಾದ ಮಷಿನ್ ನಡೆಸುವ ಓಎಸ್) ಒಬ್ಬನದ್ದೇ ಅಲ್ಲ. ವರ್ಚುವಲ್ ಮಷಿನ್ ಒಳಗಿನ ಗೆಸ್ಟ್ ಓಎಸ್‌ಗೂ ಅದರದ್ದೇ ಟಿಎಸ್‌ಸಿ ಆಕ್ಸ್ ಇರುತ್ತದೆ. ಗೆಸ್ಟ್ ಒಳಗೆ ಹೋಗುವ ಮೊದಲು ಕೆವಿಎಂ ಗೆಸ್ಟ್‌ನ ಮೌಲ್ಯವನ್ನು ನಿಜವಾದ ರಿಜಿಸ್ಟರ್‌ಗೆ ಹಾಕುತ್ತದೆ. ಗೆಸ್ಟ್‌ನಿಂದ ಹೊರಬಂದ ತಕ್ಷಣ ಹೋಸ್ಟ್‌ನ ಮೌಲ್ಯ ವಾಪಸ್ ಹಾಕುತ್ತದೆಯೇ? ಇಲ್ಲ. ಎಂಎಸ್‌ಆರ್ ಬರೆಯುವುದು ದುಬಾರಿ, ಮರುಕ್ಷಣ ಮತ್ತೆ ಗೆಸ್ಟ್‌ಗೇ ಹೋಗಬೇಕಾಗಬಹುದು. ಹೋಸ್ಟ್‌ನಲ್ಲಿ ಯೂಸರ್ ಮೋಡ್‌ಗೆ ಹೋಗುವ ತನಕ ಅದನ್ನು ಹಾಗೇ ಬಿಡುತ್ತದೆ. ಶಿರಸಿ ಸ್ಟ್ಯಾಂಡಿನಲ್ಲಿ ಹಿಂದಿನ ಟ್ರಿಪ್ಪಿನ ಬೋರ್ಡನ್ನೇ ಇಟ್ಟುಕೊಂಡು ನಿಂತ ಬಸ್ಸಿನ ಹಾಗೆ. ಡ್ರೈವರ್‌ಗೆ ತಾನೆಲ್ಲಿ ಹೋಗಬೇಕು ಅಂತ ಗೊತ್ತು. ಬೋರ್ಡ್ ಓದಿ ಹತ್ತಿದವರು ಬೇರೆ ಊರಿಗೆ ಹೋಗುತ್ತಾರೆ.

ಆ ಹೊತ್ತಿಗೆ ಎನ್‌ಎಂಐ ಬಂದು ಆರ್‌ಡಿಪಿಐಡಿ ಓದಿದರೆ ಗೆಸ್ಟ್ ಬರೆದ ಸಂಖ್ಯೆ ಸಿಗುತ್ತದೆ. ಹೋಸ್ಟ್ 6ನೇ ಸಿಪಿಯು ಮೇಲಿದೆ, ಗೆಸ್ಟ್ ತನ್ನ ಲೆಕ್ಕದಲ್ಲಿ 1 ಅಂತ ಬರೆದಿದೆ. ಎನ್‌ಎಂಐ ಹ್ಯಾಂಡ್ಲರ್ 1ನೇ ಸಿಪಿಯುನ ಏರಿಯಾವನ್ನು ತನ್ನದು ಅಂದುಕೊಂಡು ಕೆಲಸ ಶುರು ಮಾಡುತ್ತದೆ. ಅಲ್ಲಿ ಲಾಕ್ ಇಲ್ಲ, ಯಾಕಂದರೆ ಅದು ಒಬ್ಬರೇ ಮುಟ್ಟುವ ಜಾಗ ಅಂತ ನಂಬಿಕೆ. ಈಗ ಇಬ್ಬರು ಬರೆಯುತ್ತಿದ್ದಾರೆ. ಗೆಸ್ಟ್ ಇನ್ಯಾವುದೋ ದೊಡ್ಡ ಸಂಖ್ಯೆ ಬರೆದಿದ್ದರೆ ಆಫ್‌ಸೆಟ್ ಪಟ್ಟಿಯಲ್ಲಿ ಇಲ್ಲದ ಸಿಪಿಯು, ಅಲ್ಲಿಂದ ಕ್ರ್ಯಾಶ್. ಹೋಸ್ಟ್ ಕರ್ನಲ್ ಯಾವ ಮೆಮೊರಿಯನ್ನು ತನ್ನದು ಅಂದುಕೊಳ್ಳಬೇಕು ಅನ್ನುವುದನ್ನು ಗೆಸ್ಟ್ ತೀರ್ಮಾನಿಸುವುದು ಅಂದರೆ ಸಣ್ಣ ವಿಷಯ ಅಲ್ಲ.

2020ರ ಆಗಸ್ಟ್‌ನಲ್ಲಿ, 5.9 ಇನ್ನೂ ಪರೀಕ್ಷೆಯ ಹಂತದಲ್ಲಿ ಇರುವಾಗಲೇ, ಆರ್‌ಡಿಪಿಐಡಿ ತೆಗೆದು ಎಲ್ಲ ಪ್ರೊಸೆಸರ್‌ಗೂ ಎಲ್‌ಎಸ್‌ಎಲ್ ಮಾಡಿದರು. ನೀನು ಓದಿದ ಕಾಮೆಂಟ್ ಆವಾಗಿನದು. ಜಿಡಿಟಿಯನ್ನು ಗೆಸ್ಟ್ ಹಾಳು ಮಾಡುವುದಿಲ್ಲವೇ ಅಂತ ಕೇಳಬಹುದು. ಗೆಸ್ಟ್‌ನಿಂದ ಹೊರಬರುವಾಗ ಹೋಸ್ಟ್‌ನ ಜಿಡಿಟಿ ವಿಳಾಸವನ್ನು ಹಾರ್ಡ್‌ವೇರೇ ವಾಪಸ್ ಹಾಕುತ್ತದೆ. ‘ಆಮೇಲೆ ಮಾಡೋಣ’ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಎಂಟ್ರಿ ಕೋಡ್‌ಗೆ ಬೇಕಾದದ್ದು ಯಾವ ಇನ್‌ಸ್ಟ್ರಕ್ಷನ್ ಹೊಸದು ಅನ್ನುವುದಲ್ಲ. ಆ ಕ್ಷಣದಲ್ಲಿ ಬೇರೆಯವರು ಮುಟ್ಟಿರಲು ಸಾಧ್ಯವೇ ಇಲ್ಲದ ಜಾಗ ಯಾವುದು ಅನ್ನುವುದು.

ಮೂರೂರು ರಸ್ತೆ, ಕುಮಟಾ

ಈಗ ಪೂರ್ತಿ ಹಿಡಿಯಿತು ಮಾರಾಯ್ರೆ. ಒಂದೇ ಒಂದು ಉಳಿಯಿತು. ಎನ್‌ಎಂಐಗೆ ಐಎಸ್‌ಟಿ (ಪ್ರೊಸೆಸರೇ ಸ್ಟ್ಯಾಕ್ ಬದಲಿಸುವ ವ್ಯವಸ್ಥೆ) ಮೂಲಕ ಬೇರೆಯದೇ ಸ್ಟ್ಯಾಕ್ ಸಿಗುತ್ತದೆ, ಅದೂ ಪ್ರತಿ ಸಿಪಿಯುಗೆ ಬೇರೆ. ಆ ಸ್ಟ್ಯಾಕ್‌ನ ತುದಿಯಲ್ಲೇ ಸಿಪಿಯು ಸಂಖ್ಯೆ ಬರೆದಿಟ್ಟರೆ ಆಗುತ್ತಿರಲಿಲ್ಲವೇ?

ಮಾರಿಗುಡಿ ಕ್ರಾಸ್, ಶಿರಸಿ

ಆಗುತ್ತದೆ. ಆ ಸ್ಟ್ಯಾಕ್‌ಗಳ ವಿಳಾಸ ಇರುವ ಟಿಎಸ್‌ಎಸ್ ಪ್ರತಿ ಸಿಪಿಯುಗೂ ಬೇರೆ ಇರುವುದರಿಂದ ಸ್ಟ್ಯಾಕ್ ಯಾವಾಗಲೂ ಸರಿಯಾದದ್ದೇ. ಆದರೆ ಪ್ಯಾರನಾಯ್ಡ್ ಎಂಟ್ರಿಗೆ ಎನ್‌ಎಂಐ ಒಂದೇ ಬರುವುದಲ್ಲ. ಡಬಲ್ ಫಾಲ್ಟ್, ಮಷಿನ್ ಚೆಕ್, ಡಿಬಗ್ ಕೂಡ ಬರುತ್ತವೆ. ಎಲ್ಲಕ್ಕೂ ಬೇರೆ ಬೇರೆ ಸ್ಟ್ಯಾಕ್, ಎಲ್ಲ ಕಡೆ ಬರೆದಿಟ್ಟು, ಈಗ ಯಾವುದರ ಮೇಲಿದ್ದೇನೆ ಅಂತ ವಿಳಾಸದಿಂದ ಲೆಕ್ಕ ಹಾಕಬೇಕು. ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಎಲ್ಲದಕ್ಕೂ ಉತ್ತರ ಸಿಗುವಾಗ ನಾನಾದರೂ ಎಲ್‌ಎಸ್‌ಎಲ್‌ನ್ನೇ ಹಿಡಿಯುತ್ತಿದ್ದೆ.

ಗಂಗಾವಳಿ, ಅಂಕೋಲಾ

ನಮ್ಮಲ್ಲಿ ಕೆಲವರು ಈಗ ಆರ್ಮ್ ಮಷಿನ್ ನೋಡುತ್ತಿದ್ದಾರೆ. ಅಲ್ಲೂ ಇದೇ ತಕರಾರು ಇದೆಯೇ?

ಮಾರಿಗುಡಿ ಕ್ರಾಸ್, ಶಿರಸಿ

64 ಬಿಟ್ ಆರ್ಮ್‌ನಲ್ಲಿ ಇಲ್ಲ. ಯೂಸರ್‌ಗೆ ಅದರದ್ದೇ ಥ್ರೆಡ್ ರಿಜಿಸ್ಟರ್ ಇದೆ, ಕರ್ನಲ್‌ಗೆ ಬೇರೆ ಇದೆ. ಕರ್ನಲ್‌ನ ರಿಜಿಸ್ಟರ್‌ಗೆ ಯೂಸರ್ ಮೋಡ್‌ನಿಂದ ಕೈ ಹಾಕಲು ಆಗುವುದಿಲ್ಲ. ಪರ್-ಸಿಪಿಯು ಆಫ್‌ಸೆಟ್ ಅಲ್ಲೇ ಕೂತಿರುತ್ತದೆ. ಸ್ವಾಪ್ ಇಲ್ಲ, ಹಾಗಾಗಿ ಸಂದಿಯೂ ಇಲ್ಲ.

ಎಕ್ಸ್86ನಲ್ಲೂ ಈ ಕಥೆ ಮುಗಿಯುವ ದಾರಿಯಲ್ಲಿದೆ. ಇಂಟೆಲ್‌ನ ಫ್ರೆಡ್ ಅನ್ನುವ ಹೊಸ ವ್ಯವಸ್ಥೆಗೆ ಲಿನಕ್ಸ್‌ನಲ್ಲಿ 6.9ರಿಂದ, ಅಂದರೆ 2024ರಿಂದ ಬೆಂಬಲ ಇದೆ. ಅದರಲ್ಲಿ ಯೂಸರ್ ಮೋಡ್‌ನಿಂದ ಒಳಗೆ ಬರುವಾಗ ಜಿಎಸ್ ಬದಲಿಸುವುದು ಹಾರ್ಡ್‌ವೇರ್ ಕೆಲಸ, ಒಳಗೆ ಬರುವ ಕೆಲಸದ ಜೊತೆ ಒಟ್ಟಿಗೇ ಆಗುತ್ತದೆ. ಸ್ವಾಪ್‌ಜಿಎಸ್ ಇನ್‌ಸ್ಟ್ರಕ್ಷನ್‌ಗೆ ಅಲ್ಲಿ ಜಾಗವೇ ಇಲ್ಲ. ಆದರೂ ಈಗ ಓಡುತ್ತಿರುವ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಪ್ಯಾರನಾಯ್ಡ್ ಎಂಟ್ರಿಯೇ ಗತಿ, ಓದಿದ್ದು ವ್ಯರ್ಥ ಆಗುವುದಿಲ್ಲ.

ತಮ್ಮಾ, ನಿನ್ನ ಲ್ಯಾಪ್‌ಟಾಪ್ ಇಂಟೆಲ್‌ದಾದರೆ ಒಂದು ಪ್ರಯೋಗ ಮಾಡು. ಕೆವಿಎಂನಲ್ಲಿ ಎರಡು ವರ್ಚುವಲ್ ಸಿಪಿಯುನ ಒಂದು ಲಿನಕ್ಸ್ ಗೆಸ್ಟ್ ಹಾಕು. ಅದರ 1ನೇ ವರ್ಚುವಲ್ ಸಿಪಿಯುನ ಥ್ರೆಡ್ ಅನ್ನು ಹೋಸ್ಟ್‌ನ 6ನೇ ಸಿಪಿಯುಗೆ ಕಟ್ಟು. ಗೆಸ್ಟ್ ಒಳಗೆ ಆ ಸಿಪಿಯು ಮೇಲೆ ಸುಮ್ನೆ ಒಂದು ಲೂಪ್ ಓಡಿಸು. ಹೋಸ್ಟ್‌ನಲ್ಲಿ ಬೇರೆ ಸಿಪಿಯು ಮೇಲೆ ಕೂತು, ಆರ್‌ಡಿಎಂಎಸ್‌ಆರ್ ಟೂಲ್‌ನಿಂದ 6ನೇ ಸಿಪಿಯುನ ಟಿಎಸ್‌ಸಿ ಆಕ್ಸ್ ಓದು, ಹೆಕ್ಸ್‌ನಲ್ಲಿ ವಿಳಾಸ ಸಿ0000103.

ಕಾಳಿದಂಡೆ, ಕಾರವಾರ

ಮಾಡಿದೆ ಅಕ್ಕ. ಲೂಪ್ ಓಡುತ್ತಿರುವಾಗ 6ನೇ ಸಿಪಿಯುನ ಟಿಎಸ್‌ಸಿ ಆಕ್ಸ್ 1 ಅನ್ನುತ್ತದೆ! ಅದೇ 6ನೇ ಸಿಪಿಯುಗೆ ನನ್ನ ಎಲ್‌ಎಸ್‌ಎಲ್ ಪ್ರೋಗ್ರಾಂ ಕಟ್ಟಿ ಓಡಿಸಿದರೆ 6. ಗೆಸ್ಟ್ ನಿಲ್ಲಿಸಿ ಮತ್ತೆ ಆರ್‌ಡಿಎಂಎಸ್‌ಆರ್ ಮಾಡಿದರೆ ಅದೂ 6. ಓದಲು ಹೋದ ಇಂಟರಪ್ಟ್ ಯೂಸರ್ ಮೋಡ್ ಮುಟ್ಟದೇ ಅಲ್ಲೇ ಕರ್ನಲ್ ಒಳಗೇ ಓದಿತು, ಅದಕ್ಕೇ ಗೆಸ್ಟ್‌ನ ಸಂಖ್ಯೆ ಕಣ್ಣಿಗೆ ಬಿತ್ತು, ಅಲ್ವಾ?

ಮಾರಿಗುಡಿ ಕ್ರಾಸ್, ಶಿರಸಿ

ಹೌದು, ಅದೇ. ಎಲ್‌ಎಸ್‌ಎಲ್ ಪ್ರೋಗ್ರಾಂ ಓಡಲು ಮಾತ್ರ ಹೋಸ್ಟ್ ಯೂಸರ್ ಮೋಡ್‌ಗೆ ಬರಲೇಬೇಕು. ಬರುವ ದಾರಿಯಲ್ಲಿ ಕೆವಿಎಂ ಟಿಎಸ್‌ಸಿ ಆಕ್ಸ್ ಅನ್ನೂ ಸರಿಮಾಡಿರುತ್ತದೆ. ಆದ್ದರಿಂದ ಯೂಸರ್ ಮೋಡ್‌ನ ಗೆಟ್‌ಸಿಪಿಯುಗೆ ಆರ್‌ಡಿಪಿಐಡಿ ಇವತ್ತಿಗೂ ಧಾರಾಳ ಆಗುತ್ತದೆ, ವಿಡಿಎಸ್‌ಒ ಬಳಸುತ್ತದೆ ಕೂಡ. ಬೇಡ ಅಂದದ್ದು ಎಂಟ್ರಿ ಕೋಡ್‌ಗೆ ಮಾತ್ರ.

ಮುಂದೆ ಓದುವುದಾದರೆ ಬೂಟ್ ಲೈನಿನಲ್ಲಿ ‘ನೋಎಫ್‌ಎಸ್‌ಜಿಎಸ್‌ಬೇಸ್’ ಅಂತ ಹಾಕಿ ಒಮ್ಮೆ ಚಾಲೂ ಮಾಡು. ಆಗ ಪ್ಯಾರನಾಯ್ಡ್ ಎಂಟ್ರಿ ಹಳೇ ಸೈನ್ ಬಿಟ್ ದಾರಿಯಲ್ಲಿ ಹೋಗುತ್ತದೆ. ಎರಡೂ ದಾರಿ ಒಂದೇ ಫೈಲಿನಲ್ಲಿ ಮೇಲೆ ಕೆಳಗೆ ಇವೆ, ಪಕ್ಕಪಕ್ಕ ಇಟ್ಟು ಓದು.